ಒಂದು ಹಿಡಿ ಪುಣ್ಯ

ಕಸದಿಂದ ರಸ ತೆಗೆಯಬೇಕು ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಆ ಮಾತನ್ನು ಆಡುವವರ ಮುಖದಲ್ಲಿ ಒಂದು ಬಗೆಯ ತೃಪ್ತಿ ಮೂಡುವುದನ್ನು ನಾನು ಗಮನಿಸಿದ್ದೇನೆ. ಎರಡು ವರ್ಷ ಆ ತೃಪ್ತಿ ನನ್ನ ಮುಖದ ಮೇಲೂ ಇತ್ತಂತೆ, ಮನೆಯವರು ಹೇಳುತ್ತಾರೆ. ಅದು ಹೇಗೆ ಬಂದಿತು, ಹೇಗೆ ಹೋಯಿತು ಎನ್ನುವುದನ್ನು ಓದುಗರ ಮುಂದಿಡುತ್ತೇನೆ.

ನಮ್ಮ ಅಡಿಗೆಮನೆಯಲ್ಲಿ ನನ್ನ ತಾಯಿಯ ಕಾಲದ ಚಾಕು ಒಂದಿದೆ. ಸಾಣೆ ಹಿಡಿಸಿ ಹಿಡಿಸಿ ಅಲಗು ಸವೆದು ಅರ್ಧವಾಗಿದೆ. ಆದರೂ ಮಾಗಿದ ಟೊಮೇಟೊ ಹಣ್ಣನ್ನು ಹಿಸುಕದೆ ಕೊಯ್ಯುತ್ತದೆ. ಅದರ ಮರದ ಹಿಡಿ ನೀರು ಕುಡಿದು ಬಿರಿದು, ಒಂದು ದಿನ ಎರಡು ಹೋಳಾಯಿತು. ಅಂಗಡಿಯವನು, "ಹಿಡಿ ಹಾಕಿಸೋ ದುಡ್ಡಿಗೆ ಎರಡು ಹೊಸ ಚಾಕು ಬರುತ್ತೆ, ಸಾರ್" ಎಂದ. ಲೆಕ್ಕವೇನೋ ಸರಿಯೇ. ಆದರೆ ತಾಯಿ ಹಿಡಿದಿದ್ದ ಚಾಕುವನ್ನು ಆ ಲೆಕ್ಕಕ್ಕೆ ಸೇರಿಸುವುದು ಹೇಗೆ? ನೆರೆಮನೆಯ ಇಂಜಿನಿಯರ್ ಹುಡುಗ ಉಪಾಯ ಹೇಳಿದ: "ಮರ ಯಾಕೆ ಅಂಕಲ್? ನೀವು ಬಿಸಾಡೋ ಮುಚ್ಚಳಗಳಿಂದಲೇ ಹಿಡಿ ಮಾಡಬಹುದು."

ಮಾಡಬಹುದು, ನಿಜ; ಆದರೆ ಹದ ತಿಳಿದಿರಬೇಕು. ಪ್ಲಾಸ್ಟಿಕ್ಕಿನಲ್ಲಿಯೂ ಜಾತಿಗಳುಂಟು. ಡಬ್ಬಿಯ ತಳದ ತ್ರಿಕೋನದೊಳಗೆ 2 ಎಂಬ ಅಂಕಿ ಇದ್ದರೆ ಅದು ಗಟ್ಟಿ ಪಾಲಿಥೀನು. ಶಾಂಪೂ ಸೀಸೆ, ಫಿನಾಯಿಲ್ ಡಬ್ಬಿ, ಹಲವು ಬಾಟಲಿಗಳ ಮುಚ್ಚಳ ಈ ಜಾತಿಯವು. ಸುಮಾರು 130 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದು ಕರಗುತ್ತದೆ. 3 ಎಂದಿದ್ದರೆ ದೂರವಿಡಬೇಕು. ಅದು ಪಿವಿಸಿ, ಕಾಯಿಸಿದರೆ ಹೈಡ್ರೊಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ. ಮುಚ್ಚಳಗಳನ್ನು ತೊಳೆದು, ಚೂರು ಮಾಡಿ, ಅಡಿಗೆಗೆ ಮತ್ತೆ ಬಳಸದ ಹಳೆಯ ಓವನ್ನಿನಲ್ಲಿ, ಕಿಟಕಿ ತೆರೆದಿಟ್ಟು ಕಾಯಿಸಬೇಕು. ಮೆತ್ತಗಾದ ಮುದ್ದೆಯನ್ನು ದಪ್ಪ ಕೈಗವಸು ತೊಟ್ಟು ಹಿಟ್ಟು ನಾದುವಂತೆ ಮಡಿಸಿ, ತಿರುಚಿ, ಮರದ ಅಚ್ಚಿಗೆ ತುಂಬಿ, ಕ್ಲ್ಯಾಂಪು ಬಿಗಿದು ರಾತ್ರಿಯೆಲ್ಲ ಬಿಡಬೇಕು. ಆರುವಾಗ ಅದು ಕುಗ್ಗುತ್ತದೆ. ಅವಸರ ಮಾಡಿದರೆ ಸೊಟ್ಟಗಾಗುತ್ತದೆ. ಮಾಮೂಲು ಅಂಟು ಯಾವುದೂ ಇದಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಅಲಗಿನ ಬಾಲದ ಎರಡು ಪಕ್ಕಕ್ಕೂ ಒಂದೊಂದು ಪಟ್ಟಿ ಇಟ್ಟು, ತೂತು ಕೊರೆದು, ಹಿತ್ತಾಳೆಯ ಕಡ್ಡಿ ತೂರಿಸಿ, ಎರಡು ಕಡೆಯೂ ಬಡಿದು ಬಿಗಿಯಬೇಕು. ಆಮೇಲಿನದೆಲ್ಲ ಅರ ಮತ್ತು ಉಪ್ಪುಕಾಗದದ ಕೆಲಸ.

ಉಪ್ಪುಕಾಗದದ ಕೆಳಗಿನಿಂದ ಬಣ್ಣ ಎದ್ದು ಬಂದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ನೀಲಿ, ಬಿಳಿ, ಕೆಂಪು ಒಂದರೊಳಗೊಂದು ಸುಳಿಸುತ್ತಿ, ಹಳೆಯ ಲೆಜರು ಪುಸ್ತಕಗಳ ಒಳರಟ್ಟಿನ ಚಿತ್ತಾರದಂತಿದ್ದುವು. ತಾಯಿಯ ಚಾಕು ಮತ್ತೆ ಎದ್ದು ನಿಂತಿತು. ಆಮೇಲೆ ಬಂಧುಗಳ ಸರದಿ. ಹಿಡಿ ಎಂಬುದು ಕೈಗೆ ಒಪ್ಪಬೇಕು. ಅತ್ತಿಗೆಗೆ ಬೆರಳಿನ ಗೆಣ್ಣು ನೋವು, ಅವರಿಗೆ ದಪ್ಪನೆಯದು. ಎಡಚನಾದ ಸೋದರಳಿಯನಿಗೆ ಅವನ ಹೆಬ್ಬೆರಳು ಕೂರುವ ಕಡೆ ತಗ್ಗು. ಒಬ್ಬೊಬ್ಬರ ಕೈಯನ್ನೂ ನೋಡಿ ಮಾಡಿ ಕೊಟ್ಟೆ. ಕೊಡುವಾಗ, "ಇದು ಕಸ, ಹೀಗಾಗಿದೆ ನೋಡಿ" ಎಂದು ಸೇರಿಸುವುದನ್ನು ಮಾತ್ರ ಮರೆಯುತ್ತಿರಲಿಲ್ಲ.

ಚಾಕುವಿನ ಹಿಡಿಗೂ ಪ್ಲಾಸ್ಟಿಕ್ಕಿಗೂ ಹಳೆಯ ನಂಟಿದೆ. ಒಂದು ಕಾಲಕ್ಕೆ ಸಿರಿವಂತರ ಚಾಕುವಿಗೆ ದಂತದ ಹಿಡಿ. ನಮ್ಮ ಕೊಡಗಿನ ಹಳೆಯ ಪೀಚೆಕತ್ತಿಗಳಲ್ಲೂ ದಂತ ಮತ್ತು ಬೆಳ್ಳಿಯ ಕೆಲಸ ಉಂಟು. ಅಮೆರಿಕೆಯಲ್ಲಿ ಬಿಲಿಯರ್ಡ್ಸ್ ಚೆಂಡಿಗೆ ದಂತದ ಬದಲು ಬೇರೆ ವಸ್ತು ಕಂಡುಹಿಡಿದವರಿಗೆ 10,000 ಡಾಲರ್ ಬಹುಮಾನವೆಂದು 1863ರಲ್ಲಿ ಸಾರಿದರು. ಜಾನ್ ವೆಸ್ಲಿ ಹಯಟ್ ಎಂಬಾತ 1869ರ ಸುಮಾರಿಗೆ ಸೆಲ್ಯುಲಾಯ್ಡನ್ನು ರೂಪಿಸಿದ. ಬಾಚಣಿಗೆ, ಅಂಗಿಯ ಕಾಲರು, ಚಾಕುವಿನ ಹಿಡಿ ಎಲ್ಲವೂ ಅದರಿಂದಾದುವು. ಅಂದರೆ ಪ್ಲಾಸ್ಟಿಕ್ಕು ನಮ್ಮ ಲೋಕಕ್ಕೆ ಬಂದದ್ದು ಬಾಳಿಕೆಯ ವಸ್ತುವಾಗಿ. ಆನೆಗೂ ಅದರಿಂದ ಒಂದಿಷ್ಟು ಉಪಕಾರವೇ ಆಗಿರಬೇಕು. ನೂರು ವರ್ಷ ಬಾಳುವ ಪದಾರ್ಥವನ್ನು ನೂರು ಗಳಿಗೆಯ ಕೆಲಸಕ್ಕೆ ಹಚ್ಚಿದ ತಪ್ಪು ಅದರದಲ್ಲ, ನಮ್ಮದು. ಮುಚ್ಚಳವನ್ನು ಹಿಡಿ ಮಾಡಿದಾಗ ಆ ಪದಾರ್ಥಕ್ಕೆ ಅದರ ಸ್ವಭಾವಕ್ಕೆ ತಕ್ಕ ಆಯುಸ್ಸನ್ನು ಕೊಟ್ಟಂತಾಗುತ್ತದೆ ಎಂದು ನಾನು ವಾದಿಸುತ್ತಿದ್ದೆ. ಈ ವಾದ ಈಗಲೂ ಸುಳ್ಳೆಂದು ನನಗೆ ತೋರುವುದಿಲ್ಲ. ಆದರೆ ಅದರ ಬೆನ್ನಿಗೆ ನಾನು ಇನ್ನೊಂದನ್ನು ಅಂಟಿಸಿಕೊಂಡಿದ್ದೆ: ನನ್ನ ಪಾಲಿನ ಋಣ ತೀರಿತು ಎಂಬ ಭಾವನೆ.

ಮೊದಲ ಪೆಟ್ಟು ಬಿದ್ದದ್ದು ದಿನಸಿ ಅಂಗಡಿಯಲ್ಲಿ. ಬಟ್ಟೆ ತೊಳೆಯುವ ದ್ರವದ ಎರಡು ಸೀಸೆ ಮುಂದಿದ್ದುವು. ನಾವು ಯಾವಾಗಲೂ ತರುವುದನ್ನು ಬಿಟ್ಟು ನಾನು ಇನ್ನೊಂದನ್ನು ಎತ್ತಿಕೊಂಡೆ. ನನ್ನ ಹೆಂಡತಿ, "ಇದು ಯಾಕೆ? ದುಬಾರಿ ಅಲ್ವೇ?" ಎಂದಳು. ಉತ್ತರ ನಾಲಗೆಯ ತುದಿಗೆ ಬಂದು ನಿಂತಿತು: ಅದರ ಮುಚ್ಚಳ ನವಿಲುಬಣ್ಣ. ಅವಳು ಮುಚ್ಚಳವನ್ನೂ ನನ್ನ ಮುಖವನ್ನೂ ನೋಡಿ, "ಹಸು ಕೊಂದು ಕೆರ ದಾನ ಮಾಡಿದ ಹಾಗಾಯ್ತು" ಎಂದು ಮುಂದೆ ನಡೆದಳು.

ಆ ರಾತ್ರಿ ತಕ್ಕಡಿ ಹಿಡಿದು ಕುಳಿತೆ. ಒಂದು ಹಿಡಿ 50 ಗ್ರಾಂ ತೂಗಿತು. ನಮ್ಮಿಬ್ಬರ ಮನೆಯಿಂದ ಆ ತಿಂಗಳು ಹೊರಬಿದ್ದ ಪ್ಲಾಸ್ಟಿಕ್ಕು ಎರಡು ಕಿಲೋಗೂ ಮೇಲೆ. ತಿಂಗಳಿಗೊಂದು ಹಿಡಿ ಮಾಡುವವನು ಯಾವ ಋಣ ತೀರಿಸಿದ? ಲೋಕದ ಲೆಕ್ಕವೂ ಇದಕ್ಕಿಂತ ಚೆನ್ನಾಗಿಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, 2015ರವರೆಗೆ ಜಗತ್ತಿನಲ್ಲಿ ತಯಾರಾದ ಪ್ಲಾಸ್ಟಿಕ್ಕು ಸುಮಾರು 830 ಕೋಟಿ ಟನ್. ಕಸವಾದದ್ದರಲ್ಲಿ ಮರುಬಳಕೆಗೆ ಬಂದದ್ದು ನೂರಕ್ಕೆ ಒಂಬತ್ತು ಪಾಲು. ಸಾಲದ್ದಕ್ಕೆ, ಉಪ್ಪುಕಾಗದದಿಂದ ಉದುರಿದ ಪುಡಿಯನ್ನು ಇಷ್ಟು ದಿನ ನಾನು ಬಚ್ಚಲಿಗೆ ತೊಳೆದು ಬಿಟ್ಟಿದ್ದೆ. ಮುಚ್ಚಳವಾಗಿದ್ದಾಗ ಯಾರಾದರೂ ಹೆಕ್ಕಬಹುದಿತ್ತು. ಪುಡಿಯಾಗಿ ಮೋರಿ ಸೇರಿದುದನ್ನು ಯಾರು ಹೆಕ್ಕಬೇಕು?

ಎರಡನೆಯ ಪೆಟ್ಟು ಇನ್ನೂ ಬಲವಾದದ್ದು. ನಮ್ಮ ಬೀದಿಗೆ ಒಣಕಸ ಒಯ್ಯಲು ಬರುವ ಹೆಂಗಸು ಒಂದು ಬೆಳಿಗ್ಗೆ ಚೀಲವನ್ನು ಎತ್ತಿ ನೋಡಿ, "ಏನ್ ಸಾರ್, ನಿಮ್ಮನೇಲಿ ಗಟ್ಟಿ ಮಾಲು ಬರೋದೇ ನಿಂತೋಯ್ತು. ಬರೀ ಬಿಸ್ಕತ್ತಿನ ಕವರು" ಎಂದಳು. ಗುಜರಿಯವರು ತೂಕಕ್ಕೆ ಹಣ ಕೊಡುವುದು ಗಟ್ಟಿ ಮಾಲಿಗೆ; ಪದರ ಪದರದ ಬಿಸ್ಕತ್ತಿನ ಹೊದಿಕೆಯನ್ನು ಕೊಳ್ಳುವವರು ಸಿಕ್ಕುವುದಿಲ್ಲ. ನಾನು ಒಳಗೆ ಹೋಗಿ ಹೆಮ್ಮೆಯಿಂದಲೇ ಚಾಕು ತಂದು ತೋರಿಸಿದೆ. ಆಕೆ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ಶ್ಯಾನೆ ಚೆನ್ನಾಗದೆ ಸಾರ್" ಎಂದು ನಕ್ಕು, ಹಿಂದಕ್ಕೆ ಕೊಡುತ್ತ, "ಅಂಗಾರೆ ಇದು ನಮ್ಮ ಮಾಲು" ಎಂದಳು.

ನಗುತ್ತ ಆಡಿದ ಮಾತು. ಆದರೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಬಿಸುಟ ವಸ್ತು ಯಾರದು? ಹಣ ಕೊಟ್ಟು ತಂದವನು ನಾನು. ಕಾಯಿದೆಯ ಮುಂದೆ ಅದು ನನ್ನದೇ ಆದೀತು. ಆದರೆ ಕಾಯಿದೆಗಿಂತ ಹಳೆಯ ಒಂದು ನಡವಳಿಕೆ ನಮ್ಮಲ್ಲಿದೆ. ಕೊಯಿಲಾದ ಮೇಲೆ ಗದ್ದೆಯಲ್ಲಿ ಉದುರಿದ ತೆನೆ ಹಕ್ಕಲು ಆಯುವ ಬಡವರ ಪಾಲು. ಹೊಲದ ಒಡೆಯ ತಾನೇ ಬುಟ್ಟಿ ಹಿಡಿದು ಹಕ್ಕಲಿಗೆ ಇಳಿದರೆ ಊರು ನಗುತ್ತಿತ್ತು. ನಾನು ಮಾಡಿದ್ದು ಅದನ್ನೇ. ಕಾಳನ್ನು ನಾನು ಆಯ್ದುಕೊಂಡು ಆಕೆಗೆ ಹೊಟ್ಟು ಬಿಟ್ಟಿದ್ದೆ. ಮೇಲೆ ಅದನ್ನು ಲೋಕೋಪಕಾರವೆಂದೂ ಕರೆದಿದ್ದೆ.

ಮಹಾಭಾರತದಲ್ಲಿ ಒಂದು ಮುಂಗುಸಿಯ ಕಥೆ ಬರುತ್ತದೆ. ಹಕ್ಕಲು ಆಯ್ದು ಬದುಕುತ್ತಿದ್ದ ಒಬ್ಬ ಬಡವ, ಹಸಿದ ಮನೆಯವರ ಪಾಲಿನ ಹಿಟ್ಟನ್ನೂ ಅತಿಥಿಗೆ ಬಡಿಸಿದ ಜಾಗದಲ್ಲಿ ಮುಂಗುಸಿಯ ಅರ್ಧ ಮೈ ಚಿನ್ನವಾಯಿತು. ಉಳಿದರ್ಧಕ್ಕೆ ಧರ್ಮರಾಯನ ಅಶ್ವಮೇಧವೂ ಸಾಲಲಿಲ್ಲ. ಆ ಮುಂಗುಸಿ ನನ್ನ ಓವನ್ನಿನ ಮುಂದೆ ಹೊರಳಿದ್ದರೆ ಒಂದು ಕೂದಲೂ ಹೊಳೆಯುತ್ತಿರಲಿಲ್ಲ. ನಾನು ಕೊಟ್ಟದ್ದರಲ್ಲಿ ನನ್ನ ಹೊಟ್ಟೆಗೆ ಕಡಿಮೆಯಾದದ್ದು ಏನೂ ಇಲ್ಲ. ನನಗೆ ದೊರೆತದ್ದು ಸಂತೋಷ. ಸಂತೋಷ ತಪ್ಪಲ್ಲ, ಅದನ್ನು ಪುಣ್ಯದ ಖಾತೆಗೆ ಬರೆದುಕೊಂಡದ್ದು ತಪ್ಪು.

ಇಲ್ಲಿ ಒಂದು ತೊಡಕಿದೆ. ಆಕೆಯ ಮಾತನ್ನು ಒಪ್ಪಿದರೆ, ಆಕೆಯ ಜೀವನಕ್ಕಾಗಿ ನಾವು ಹೆಚ್ಚು ಹೆಚ್ಚು ಸೀಸೆ ತಂದು ಬಿಸುಡಬೇಕೆ? ನಾಳೆ ನಾನು ಸೀಸೆ ಕೊಳ್ಳುವುದನ್ನೇ ನಿಲ್ಲಿಸಿದರೂ ಆಕೆಗೆ ನಷ್ಟವೇ ಅಲ್ಲವೆ? ನಷ್ಟವೇ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ನನಗೆ ತೋರುತ್ತದೆ. ಬೇಡದ್ದನ್ನು ಮನೆಗೆ ತರದಿರುವುದು ನಾನು ಮುಂದಿನವರಿಗೆ ಸಲ್ಲಿಸಬೇಕಾದ ಕರ್ತವ್ಯ. ತಂದು ಬಿಸುಟದ್ದರಲ್ಲಿ ಬೆಲೆಯುಳ್ಳದ್ದು ರೂಢಿಯಿಂದ ಆಕೆಯ ಪಾಲು. ಇನ್ನು ಆಕೆಯ ಹೊಟ್ಟೆಪಾಡು ನನ್ನ ಚೀಲದ ಅದೃಷ್ಟದ ಮೇಲೆ ನಿಂತಿರುವುದೇ ಅನ್ಯಾಯ. ಊರಿನ ಕಸ ಹೊರುವ ಕೆಲಸಕ್ಕೆ ಊರು ಕೂಲಿ ಕೊಡಬೇಕು. ನಾವು ಎಸೆದ ಮುಚ್ಚಳ ಆ ಕೂಲಿಯಾಗಬಾರದು.

ಹಿಡಿ ಮಾಡುವುದನ್ನು ನಾನು ಬಿಟ್ಟಿಲ್ಲ. ಕೆಲವು ಕಟ್ಟಳೆ ಹಾಕಿಕೊಂಡಿದ್ದೇನೆ, ಅಷ್ಟೆ. ಹಿಡಿ ಕಳೆದುಕೊಂಡ ಹಳೆಯ ಅಲಗಿಗೆ ಮಾತ್ರ ಹಿಡಿ. ಉಡುಗೊರೆಗೆಂದು ಹೊಸ ಚಾಕು ಕೊಳ್ಳುವುದಿಲ್ಲ. ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆದು ಮುಂದಿನ ಮುದ್ದೆಗೆ ಸೇರಿಸುತ್ತೇನೆ. ಬಟ್ಟೆಗೆ ಈಗ ನಮ್ಮಲ್ಲಿ ಬಿಲ್ಲೆ ಸೋಪು. ಮುಚ್ಚಳ ಬೇಕಾದಾಗ ಆಕೆಯಿಂದಲೇ, ಆಕೆ ಹೇಳಿದ ಬೆಲೆಗೆ ಕೊಳ್ಳುತ್ತೇನೆ. ಮೊದಲ ದಿನ ಆಕೆಗೆ ನಗು ತಡೆಯಲಾಗಲಿಲ್ಲ. ಎರಡನೆಯ ವಾರದಿಂದ ಬಣ್ಣ ಬಣ್ಣ ಬೇರೆ ಮಾಡಿ ತರುತ್ತಾಳೆ, ನವಿಲುಬಣ್ಣಕ್ಕೆ ಒಂದು ರೂಪಾಯಿ ಹೆಚ್ಚು ಕೇಳುತ್ತಾಳೆ.

ಹೋದ ತಿಂಗಳು ಆಕೆ ತನ್ನ ಮನೆಯ ಚಾಕು ತಂದಳು. ಹಿಡಿಯ ಜಾಗದಲ್ಲಿ ಬಟ್ಟೆಯ ಚೂರು ಸುತ್ತಿತ್ತು. ಹಸಿರು ಬಣ್ಣವೇ ಇರಲಿ ಎಂದು ಹೇಳಿ ಹೋದಳು. ಸಿದ್ಧವಾದ ದಿನ, "ಕೂಲಿ ಎಷ್ಟು ಸಾರ್?" ಎಂದಳು. ದುಡ್ಡು ಬೇಡವೆಂದು ಹೇಳಲು ಬಾಯಿ ತೆರೆದೆ. ಹಾಗೆ ಹೇಳಿದ್ದರೆ ಹಳೆಯ ತೃಪ್ತಿ ಮತ್ತೆ ಮುಖದ ಮೇಲೆ ಬಂದು ಕೂರುತ್ತಿತ್ತೇನೋ. "ಇಪ್ಪತ್ತು ರೂಪಾಯಿ" ಎಂದೆ. ಆಕೆ ಚೌಕಾಸಿ ಮಾಡಿ ಹದಿನೈದಕ್ಕೆ ಇಳಿಸಿದಳು.