ಮಡಿಯೂ ಮದ್ದೂ

ಬೆಂಗಳೂರಿನ ಗರುಡಾಚಾರ್‌ಪಾಳ್ಯದ ಯಾವುದೇ ಬೀದಿಯಲ್ಲಿ ಬೆಳಗ್ಗೆ ಮಡಿಯುಟ್ಟು ದೀಪ ಹಚ್ಚುವವರಿಗೆ ಆ ಆಚರಣೆ ನೆಮ್ಮದಿ ಕೊಡುತ್ತದೆ. ಆದರೆ ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುವ, ಎಣಿಕೆ ತಪ್ಪಿತೆಂದು ಜಪವನ್ನು ಮೊದಲಿನಿಂದ ಶುರುಮಾಡುವ, ದೇವರ ಬಗ್ಗೆ ಬೇಡದ ಯೋಚನೆ ಬಂದಿತೆಂದು ನಡುಗುವ ಜೀವದ ಪಾಡೇ ಬೇರೆ. ಮಡಿಗೆ ಒಂದು ಮುಕ್ತಾಯವಿದೆ, ಗೀಳಿಗೆ ಇಲ್ಲ. ಹಾಗಾಗಿ ಗೀಳನ್ನು ಕಾಯಿಲೆ ಎಂದರೆ ಮಡಿಯನ್ನು ಹಳಿದಂತಾಗುವುದಿಲ್ಲ. ಗೀಳಿಗೆ ಮಾತ್ರೆ ನುಂಗುವುದು ಭಕ್ತಿಯ ಸೋಲೂ ಅಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆಂದೇ ಪ್ರತ್ಯೇಕ ಚಿಕಿತ್ಸಾ ವಿಭಾಗವಿದೆ. ಈ ಕಾಯಿಲೆಗೆ ಪುರಾವೆಯಿರುವ ಮುಖ್ಯ ದಾರಿಗಳು ಎರಡು. ಒಂದು, ಮೆದುಳಿನ ಸೆರೊಟೋನಿನ್ ಮೇಲೆ ಕೆಲಸ ಮಾಡುವ ಮಾತ್ರೆ. ಅದರ ಫಲ ತಿಳಿಯಲು 8ರಿಂದ 12 ವಾರ ಬೇಕಾಗಬಹುದು. ಇನ್ನೊಂದು, ಭಯ ಹುಟ್ಟಿಸುವುದನ್ನು ಮುಟ್ಟಿಯೂ ಕೈ ತೊಳೆಯದೆ ತಾಳಿಕೊಳ್ಳುವ ಅಭ್ಯಾಸ. ಚಂಚಲ ಮನಸ್ಸಿಗೆ ಭಗವದ್ಗೀತೆಯ 6ನೇ ಅಧ್ಯಾಯ ತೋರುವ ದಾರಿಯೂ ಅಭ್ಯಾಸ ಮತ್ತು ವೈರಾಗ್ಯವೇ. ಯೋಗ, ಅಶ್ವಗಂಧ ಸಾಲದೇ ಎಂದು ಕೇಳುವವರಿದ್ದಾರೆ. ನಡಿಗೆ, ಯೋಗ ಆತಂಕವನ್ನು ತಗ್ಗಿಸುತ್ತವೆ, ಚಿಕಿತ್ಸೆಗೆ ಬಲ ತುಂಬುತ್ತವೆ. ಅಶ್ವಗಂಧಕ್ಕೆ ಆತಂಕದ ವಿಷಯದಲ್ಲಿ ಸಣ್ಣ ಅಧ್ಯಯನಗಳ ಬೆಂಬಲವಿದ್ದರೂ, ಗೀಳಿನ ವಿಷಯದಲ್ಲಿ ಪುರಾವೆ ತೀರ ಕಡಿಮೆ. ಥೈರಾಯ್ಡ್, ಯಕೃತ್ತಿನ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಅದನ್ನು ಸೇವಿಸಬಾರದು. ದೇಹ ದೇವರ ಗುಡಿಯೆಂದು ನಂಬುವವರು ಆ ಗುಡಿಯ ಗೋಡೆ ಬಿರುಕುಬಿಟ್ಟಾಗ ಪ್ರಾರ್ಥಿಸಿ ಸುಮ್ಮನಿರುವುದಿಲ್ಲ, ಗಾರೆಯವರನ್ನೂ ಕರೆಯುತ್ತಾರೆ. ಮನಸ್ಸಿಗೂ ಅಷ್ಟೇ ಕರುಣೆ ಸಲ್ಲಬೇಕು. ನೆರವಿನ ಮೊದಲ ಹೆಜ್ಜೆಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಿದೆ.