ಬುದ್ಧನ ಕೈ

ಮಗಳಿಗೆ ಶಾಲೆಯಲ್ಲಿ ಪ್ರಾಚೀನ ಚೀನಾದ ಪ್ರಾಜೆಕ್ಟ್. ಸ್ಯಾನ್ ಫ್ರಾನ್ಸಿಸ್ಕೋದ ಏಷ್ಯನ್ ಆರ್ಟ್ ಮ್ಯೂಸಿಯಂ ಗುರುವಾರ ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ಹಾಸನದಿಂದ ಬಂದಿರುವ ಅಮ್ಮನನ್ನೂ ಕರೆದುಕೊಂಡು ಬಾರ್ಟ್ ರೈಲು ಹತ್ತಿದೆವು.

ಶಾಂಗ್ ಕಾಲದ ಕಂಚಿನ ಘೇಂಡಾಮೃಗದ ಮುಂದೆ ಎಲ್ಲರಂತೆ ನಾವೂ ನಿಂತೆವು. ಅದು ಮೂರು ಸಾವಿರ ವರ್ಷ ಹಳೆಯ ಮದ್ಯದ ಪಾತ್ರೆ ಎಂದು ಹೇಳಿದ್ದೇ ತಡ, ಅಮ್ಮ ಮುಂದಕ್ಕೆ ನಡೆದಳು. ಅವಳು ನಿಂತದ್ದು ಮೊಳಕ್ಕಿಂತ ತುಸು ಗಿಡ್ಡನೆಯ, ಚಿನ್ನದ ಲೇಪದ ಬುದ್ಧನೆದುರು. ಚಪ್ಪಲಿ ಕಳಚಿ ಕೈಮುಗಿದಳು. ಕಾವಲಿನವನು ಕಂಡೂ ಕಾಣದವನಂತಿದ್ದ.

ಕ್ರಿ.ಶ. 338ರ ವಿಗ್ರಹ ಅದು. ಇಸವಿ ಕೆತ್ತಿರುವ ಚೀನೀ ಬುದ್ಧರಲ್ಲಿ ಇದಕ್ಕಿಂತ ಹಳೆಯದು ಸಿಕ್ಕಿಲ್ಲ. ನಮ್ಮ ಹಲ್ಮಿಡಿ ಶಾಸನಕ್ಕಿಂತ ನೂರು ವರ್ಷ ಹಿಂದಿನದು ಎಂದು ನಾನು ಲೆಕ್ಕ ಒಪ್ಪಿಸುತ್ತಿದ್ದೆ. ಮಗಳು ನಡುವೆ ಬಾಯಿ ಹಾಕಿದಳು: "ಅಪ್ಪಾ, ಕೈ ರಾಂಗ್ ಇದೆ."

ಭರತನಾಟ್ಯದ ಹುಡುಗಿ; ಮುದ್ರೆ ತಪ್ಪಿದರೆ ಗೊತ್ತಾಗುತ್ತದೆ. ಧ್ಯಾನದಲ್ಲಿ ಅಂಗೈ ಮೇಲ್ಮುಖವಾಗಿ ಮಡಿಲಲ್ಲಿರಬೇಕು. ಇಲ್ಲಿ ಎರಡೂ ಅಂಗೈ ಹೊಟ್ಟೆಗೆ ಆತುಕೊಂಡಿವೆ, ಊಟ ಹೆಚ್ಚಾದವರ ಹಾಗೆ. ಭಾರತದ ಮುದ್ರೆ ಅಲ್ಲಿನ ಶಿಲ್ಪಿಗೆ ಸರಿಯಾಗಿ ತಿಳಿದಿರಲಿಕ್ಕಿಲ್ಲ ಎನ್ನುತ್ತಾರೆ ಬಲ್ಲವರು. ನನಗಂತೂ ಹೆಮ್ಮೆಯಿಂದ ಎದೆಯುಬ್ಬಿತು.

"ಯಾರೂ ಕರೆಕ್ಟ್ ಮಾಡಲಿಲ್ವಾ?"

"ಹೇಳಿಕೊಡೋರು ದೂರ ಇದ್ರೇನೋ ಪುಟ್ಟಿ" ಎಂದಳು ಅಮ್ಮ.

ಮಗಳು ಸ್ವಲ್ಪ ಯೋಚಿಸಿ, "ಹಾಗಾದ್ರೆ ನನ್ನ ಬಾಲೆಹಣ್ಣೂ ಮ್ಯೂಸಿಯಂಗೆ ಬರುತ್ತಾ?" ಅಂದಳು. ನಾವೆಲ್ಲ ನಕ್ಕೆವು. ಅಮ್ಮ ಎಲ್ಲರಿಗಿಂತ ಮೊದಲು ನಗು ನಿಲ್ಲಿಸಿದಳು.

ಆ 'ಳ'ಕಾರವನ್ನು ತಿದ್ದುವುದನ್ನು ನಾನು ಬಿಟ್ಟು ಎರಡು ವರ್ಷವಾಯಿತು. ಹೆಚ್ಚು ತಿದ್ದಿದರೆ ಕನ್ನಡವನ್ನೇ ಬಿಟ್ಟುಬಿಡುತ್ತಾಳೆಂಬ ಭಯ. ತಪ್ಪಾದರೂ ಆಡಲಿ ಎನ್ನುವುದು ಉದಾರತೆಯೋ ಸೋಮಾರಿತನವೋ, ವಾಪಸು ಬರುವಾಗ ರೈಲಿನಲ್ಲಿ ತೀರ್ಮಾನವಾಗಲಿಲ್ಲ. ಆ ಶಿಲ್ಪಿಯ ಬುದ್ಧನಿಗೆ ಅಮ್ಮ ಕೈಮುಗಿದದ್ದಂತೂ ನಿಜ. ಆದರೆ ಆ ಶಿಲ್ಪಿಗೆ ಹಾಸನಕ್ಕೆ ವಾಟ್ಸಾಪ್ ಕಾಲ್ ಮಾಡುವ ಸೌಕರ್ಯವಿರಲಿಲ್ಲ, ನಮಗಿದೆ. ಅಮ್ಮ ಊರಲ್ಲಿರುವಾಗ ದಿನಾ ಮಾಡುತ್ತೇವೆ, "ಅಜ್ಜಿಗೆ ಹಾಯ್ ಹೇಳು" ಎಂದು ಫೋನು ಕೊಟ್ಟು ಮೂವತ್ತು ಸೆಕೆಂಡಿಗೆ ಹಿಂದಕ್ಕೆ ಇಸಿದುಕೊಳ್ಳುತ್ತೇವೆ.

ನಮ್ಮ ಶನಿವಾರದ ಕನ್ನಡ ತರಗತಿಯಲ್ಲಿ ದೊಡ್ಡ ಮಕ್ಕಳಿಗೆ ಕಲಿಸುವವರು ಇನ್ನೂ ಸಿಕ್ಕಿಲ್ಲ. ಅಮ್ಮ ಊರಿಗೆ ಹೊರಡುವವರೆಗೆ ತಾನೇ ಬಂದು ಕೂರುತ್ತೇನೆಂದಿದ್ದಾಳೆ. ಅವಳ ಟಿಕೆಟ್ ಇರುವುದು ಅಕ್ಟೋಬರಿಗೆ. ಆಮೇಲಿನ ಶನಿವಾರಗಳಿಗೆ ಯಾರಾದರೂ ಹೆಸರು ಕೊಡಿ.