ಅಲೆ ಯಾರ ಪರ?

ಕ್ಯಾಲಿಫೋರ್ನಿಯಾದ ಉತ್ತರ ತುದಿಯ ಕ್ರೆಸೆಂಟ್ ಸಿಟಿಗೆ ಹೋದವರು ಬ್ಯಾಟರಿ ಪಾಯಿಂಟ್ ದೀಪಸ್ತಂಭ ನೋಡಬೇಕೆಂದರೆ ಮೊದಲು ಉಬ್ಬರ-ಇಳಿತದ ವೇಳೆ ವಿಚಾರಿಸಬೇಕು. ಇಳಿತದಲ್ಲಿ ಮಾತ್ರ ಕಲ್ಲುಗಳ ದಾರಿ ತೆರೆದುಕೊಳ್ಳುತ್ತದೆ. ನೀರೇರಿದರೆ ಆ ಬಂಡೆಯೇ ಒಂದು ದ್ವೀಪ. ಕಲ್ಲಿನ ಮನೆ, ಅದರ ಮಾಡಿನ ನಡುವಿನಿಂದ ಎದ್ದ ಗೋಪುರ. ದೀಪ ಮೊದಲು ಬೆಳಗಿದ್ದು 1856ರ ಡಿಸೆಂಬರ್‌ನಲ್ಲಿ.

ಆ ಬಂಡೆಯ ಕಥೆ ಕೇಳಿದವರನ್ನು ಒಂದು ಪ್ರಶ್ನೆ ಕಾಡುತ್ತದೆ. 1964ರ ಮಾರ್ಚ್ 27, ಗುಡ್ ಫ್ರೈಡೇ. ಸಂಜೆ ಅಲಾಸ್ಕಾದಲ್ಲಿ 9.2 ತೀವ್ರತೆಯ ಭೂಕಂಪವಾಯಿತು. ನಡುರಾತ್ರಿಯ ಹೊತ್ತಿಗೆ ಸುನಾಮಿ ಈ ಊರು ಮುಟ್ಟಿತು. ದೀಪಸ್ತಂಭ ನೋಡಿಕೊಳ್ಳುತ್ತಿದ್ದ ದಂಪತಿ ಬೆಳದಿಂಗಳಲ್ಲಿ ಎಲ್ಲವನ್ನೂ ಕಣ್ಣಾರೆ ಕಂಡರು. ಕಡಲು ಹಿಂದೆ ಸರಿದು ತಳವೆಲ್ಲ ಬಯಲಾಯಿತು. ಆಮೇಲೆ ನೀರು ಗೋಡೆಯಾಗಿ ಬಂದು, ಅವರನ್ನು ದಾಟಿಕೊಂಡು ಊರಿಗೆ ನುಗ್ಗಿತು. ಮೊದಲ ಅಲೆಗಳು ತಗ್ಗಿದವು, ಇನ್ನೇನೂ ಇಲ್ಲವೆಂದು ಅಂಗಡಿ-ಮನೆ ನೋಡಲು ಮರಳಿದವರೂ ಇದ್ದರು. ನಾಲ್ಕನೆಯ ಅಲೆಯೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಊರಿನಲ್ಲಿ 11 ಮಂದಿ ಸತ್ತರು. ಬಂಡೆಯ ಮೇಲಿದ್ದ ಇಬ್ಬರು ಬದುಕಿಕೊಂಡರು.

ದೇವರು ಕಾಪಾಡಿದ ಅನ್ನೋಣ. ಹಾಗಾದರೆ ಆ ಹನ್ನೊಂದು ಜನರನ್ನು?

ಈ ಪ್ರಶ್ನೆ ಹೊಸದಲ್ಲ. 1755ರಲ್ಲಿ ಭೂಕಂಪಕ್ಕೆ ಲಿಸ್ಬನ್ ನಗರ ಕುಸಿದದ್ದೂ ಹಬ್ಬದ ದಿನವೇ. ಸಕಲ ಸಂತರ ಹಬ್ಬದ ಪ್ರಾರ್ಥನೆಗೆಂದು ಸೇರಿದ್ದವರ ಮೇಲೆ ಚರ್ಚುಗಳು ಬಿದ್ದವು. ಇರಬಹುದಾದ ಜಗತ್ತುಗಳಲ್ಲಿ ಇದೇ ಅತ್ಯುತ್ತಮ ಎಂಬ ತತ್ವಜ್ಞಾನಿ ಲೈಬ್ನಿಟ್ಸ್‌ನ ವಾದವನ್ನು ಫ್ರೆಂಚ್ ಲೇಖಕ ವೋಲ್ಟೇರ್ ಆ ಬಳಿಕ ಕಟುವಾಗಿ ಖಂಡಿಸಿದ. ನಮ್ಮಲ್ಲಿ 1934ರ ಬಿಹಾರ ಭೂಕಂಪವನ್ನು ಗಾಂಧೀಜಿ ಅಸ್ಪೃಶ್ಯತೆಯ ಪಾಪಕ್ಕೆ ದೈವ ಕೊಟ್ಟ ಶಿಕ್ಷೆ ಎಂದರು. ಅಸ್ಪೃಶ್ಯತೆಯನ್ನು ತಾವೂ ವಿರೋಧಿಸುತ್ತಿದ್ದ ಟ್ಯಾಗೋರರು ಇದನ್ನು ಮಾತ್ರ ಒಪ್ಪಲಿಲ್ಲ. ಪ್ರಕೃತಿಯ ಘಟನೆಗೆ ಪ್ರಕೃತಿಯಲ್ಲೇ ಕಾರಣ ಹುಡುಕಬೇಕು ಎಂದರು. ಆ ಆಕ್ಷೇಪವನ್ನು ಗಾಂಧೀಜಿ ತಮ್ಮ 'ಹರಿಜನ' ಪತ್ರಿಕೆಯಲ್ಲೇ ಅಚ್ಚು ಹಾಕಿಸಿದರು. ಅದು ಅವರ ದೊಡ್ಡತನ. ಆದರೂ ಈ ವಾದದಲ್ಲಿ ಟ್ಯಾಗೋರರೇ ಸರಿ: ಕುಸಿಯುವ ಗೋಡೆ ದಬ್ಬಾಳಿಕೆ ಮಾಡಿದವನನ್ನೂ ಅದಕ್ಕೆ ತುತ್ತಾದವನನ್ನೂ ಬೇರೆ ಮಾಡಿ ನೋಡುವುದಿಲ್ಲ.

ದೀಪಸ್ತಂಭ ಉಳಿದದ್ದಕ್ಕೂ ಕಾರಣವಿದೆ. ಅದು ನಿಂತದ್ದು ಎತ್ತರದ ಬಂಡೆಯ ಮೇಲೆ. ಅಲೆ ಬಂದದ್ದು ಓರೆಯಾಗಿ. ಇಷ್ಟು ಗೊತ್ತಿದ್ದೂ, ಬದುಕುಳಿದವರು ದೇವರಿಗೆ ಕೈಮುಗಿದರೆ ತಪ್ಪೇನಿಲ್ಲ. ಆ ಕೃತಜ್ಞತೆ ಸತ್ತವರ ಪಾಪ-ಪುಣ್ಯ ಎಣಿಸಲು ಹೊರಟರೆ ಮಾತ್ರ ಅದು ಕ್ರೌರ್ಯ.

2011ರಲ್ಲಿ ಜಪಾನಿನ ಭೂಕಂಪ ಎಬ್ಬಿಸಿದ ಸುನಾಮಿ ಕ್ರೆಸೆಂಟ್ ಸಿಟಿಯ ಬಂದರನ್ನು ಮತ್ತೆ ಒಡೆದುಹಾಕಿತು. ಊರಿನವರು ಸುನಾಮಿಯ ಹೊಡೆತ ತಡೆಯುವಂಥ ಬಲವಾದ ಕಂಬಗಳನ್ನು ಹೂಳಿ ಅದನ್ನು ಹೊಸದಾಗಿ ಕಟ್ಟಿಕೊಂಡಿದ್ದಾರೆ.